ರಾಂಜಣದೊಳಗಿನವರಿಗೂ ಕಾಂದಾ ನವಮಿ

ಕಸದ ಗಾಡಿ ಹಾಡು ಹಚ್ಚಿಕೊಂಡು ಮನೆಬಾಗಿಲಿಗೆ ಬರುವ ರೂಢಿ ಬೀದರಿನ ನಮ್ಮ ಮೈಲೂರಿಗೆ ಇನ್ನೂ ಬಂದಿರದ ದಿನಗಳು ಅವು. ಕಸ ಅಂದರೆ ಆಗ ಧೂಳು, ಒಣಗಿದ ಎಲೆ, ಹರಿದ ಕಾಗದ ಅಷ್ಟೇ. ಹೀರೇಕಾಯಿ ಸಿಪ್ಪೆ, ಮೆಂತ್ಯದ ದಂಟು, ಬಾಳೆಹಣ್ಣಿನ ತೊಗಟೆ ಇವನ್ನು ಕಸ ಎಂದು ಕರೆದವರನ್ನು ನಾನು ಕಾಣೆ. ಅದು ಎಮ್ಮೆಯ ಪಾಲು. ಎದುರುಮನೆಯವರ ಎಮ್ಮೆಗೆ ಓಣಿಯ ಎಲ್ಲ ಅಡುಗೆಮನೆಗಳ ಸಮಾಚಾರವೂ ತಿಳಿದಿರುತ್ತಿತ್ತು. ಯಾರ ಮನೆಗೆ ಬೀಗರು ಬಂದಿದ್ದಾರೆ, ಯಾರ ಮನೆಯಲ್ಲಿ ಇಂದು ಬರೀ ಬೇಳೆ ಎಂಬುದೆಲ್ಲ ಅದರ ಕಲಗಚ್ಚಿನ ಬಕೆಟ್ಟಿನಲ್ಲಿ ತೇಲುತ್ತಿತ್ತು. ನಿಮ್ಮ ಓಣಿಯಲ್ಲೂ ಅಂಥದೊಂದು ಎಮ್ಮೆ ಇದ್ದೀತು.

ಎದುರುಮನೆಯವರು ಮೇಲೊಂದು ಅಂತಸ್ತು ಕಟ್ಟಿಸಲು ಹೊರಟು ಎಮ್ಮೆಯನ್ನು ಅಷ್ಟೂರಿನ ತಮ್ಮ ಹೊಲಕ್ಕೆ ಕಳಿಸಿಬಿಟ್ಟರು. ಮರುದಿನ ನಮ್ಮವ್ವ ಸಿಪ್ಪೆಯ ಬುಟ್ಟಿ ಹಿಡಿದು ಬಾಗಿಲಲ್ಲಿ ನಿಂತವಳು ನಿಂತೇ ಇದ್ದಳು. ಎಲ್ಲಿ ಚೆಲ್ಲುವುದು? ಔರಾದ ಕಡೆಯ ಒಕ್ಕಲುತನದ ಮನೆಯಲ್ಲಿ ಹುಟ್ಟಿದವಳು ಅವಳು. ತಿನ್ನುವಂಥದ್ದನ್ನು ಮೋರಿಗೆ ಸುರಿಯಲು ಅವಳ ಕೈ ಬಗ್ಗುತ್ತಿರಲಿಲ್ಲ.

ಆ ಯುಗಾದಿಗೆ ತವರಿಗೆ ಹೋದಾಗ ಮಾಮಾ ತನ್ನ ತೊಗರಿ ಹೊಲದ ಬದುವಿನಲ್ಲಿ ತೋಡಿದ್ದ ಎರೆಗೊಬ್ಬರದ ಗುಂಡಿಯನ್ನು ತೋರಿಸಿದ. ಬರುವಾಗ ಅವ್ವನ ತೊಡೆಯ ಮೇಲೆ ಒಂದು ಸ್ಟೀಲಿನ ಡಬ್ಬಿ ಇತ್ತು, ಮುಚ್ಚಳ ಒಂದು ಕಡೆ ತಗ್ಗಾಗಿದ್ದದ್ದು. ಬಸ್ಸಿನಲ್ಲಿ ನಮ್ಮ ಪಕ್ಕ ಕೂತಿದ್ದ ಹೆಂಗಸು ಆ ಡಬ್ಬಿಯನ್ನೇ ನೋಡುತ್ತ ಬಂದಳು.

“ತವರುಮನಿ ಉಂಡಿ ಏನವ್ವಾ? ತೆಗಿ, ಪೋರಿಗೊಂದು ಕೊಡು, ನನಗೊಂದು ಕೊಡು.”

“ಉಂಡಿ ಅಲ್ರಿ. ಹುಳ ಅವ.”

ಮೂವರು ಕೂಡುವ ಸೀಟಿನಲ್ಲಿ ಬೀದರಿನ ತನಕ ನಾವಿಬ್ಬರೇ ಆರಾಮಾಗಿ ಕಾಲು ಚಾಚಿಕೊಂಡು ಬಂದೆವು.

ಹಿತ್ತಲಲ್ಲಿ ಸೀತಾಫಲದ ಗಿಡದ ಕೆಳಗೆ ಒಂದು ದೊಡ್ಡ ಮಣ್ಣಿನ ರಾಂಜಣ ಇತ್ತು. ಹಿಂದೆ ಬೇಸಗೆಗೆ ಕುಡಿಯುವ ನೀರು ತುಂಬಿಡುತ್ತಿದ್ದದ್ದು, ಸೀಳು ಬಿಟ್ಟು ಮೂಲೆ ಸೇರಿತ್ತು. ಅವ್ವ ಅದರ ತಳಕ್ಕೆ ತೂತು ಹಾಕಿ, ಇಟ್ಟಿಗೆಯ ಮೇಲೆ ಕೂಡಿಸಿ, ಕೊಬ್ಬರಿ ನಾರು, ಹಳೆಯ ಸಗಣಿ ಹಾಕಿ, ಡಬ್ಬಿಯ ಹುಳಗಳನ್ನು ಬಿಟ್ಟು ಮೇಲೆ ಒದ್ದೆ ಗೋಣಿತಟ್ಟು ಹೊದಿಸಿದಳು. ಆಮೇಲೆ ನನ್ನನ್ನು ಎದುರಿಗೆ ನಿಲ್ಲಿಸಿಕೊಂಡು ಮಗ್ಗಿ ಹೇಳಿಸಿದಂತೆ ಹೇಳಿಸಿದಳು: ಬೇಯಿಸಿದ್ದು ಹಾಕಬಾರದು, ಉಪ್ಪು-ಎಣ್ಣೆ ಹಾಕಬಾರದು, ನಿಂಬೆ ಹಾಕಬಾರದು, ಉಳ್ಳಾಗಡ್ಡಿ ಮಾತ್ರ ಅಪ್ಪಿತಪ್ಪಿಯೂ ಹಾಕಬಾರದು.

“ಯಾಕ?”

“ಅವಕ್ಕ ಸೇರಂಗಿಲ್ಲ.”

“ಅವಕ್ಕ ಸೇರಂಗಿಲ್ಲಂತ ನಿನಗ್ಯಾರು ಹೇಳಿದ್ರು?”

“ನಿನಗ ಹಾಗಲಕಾಯಿ ಸೇರಂಗಿಲ್ಲಂತ ಯಾರರ ಹೇಳಬೇಕೇನು? ಮಾರಿ ನೋಡಿದ್ರ ತಿಳೀತದ.”

ಹುಳಕ್ಕೆ ಮುಖ ಯಾವುದು, ಬಾಲ ಯಾವುದು ಎಂಬುದೇ ನನಗೆ ತಿಳಿಯುತ್ತಿರಲಿಲ್ಲ. ಅವ್ವ ಯಾವ ತುದಿಯನ್ನು ನೋಡಿ ತಿಳಿದುಕೊಂಡಳೋ ಎಂದು ಬಹಳ ದಿನ ತಲೆ ಕೆಡಿಸಿಕೊಂಡೆ.

ಜ್ಯೇಷ್ಠ ಮಾಸದಲ್ಲಿ ಆಯಿ ಬಂದಳು. ಆಯಿ ಅಂದರೆ ಅಪ್ಪನ ತಾಯಿ. ಇರುವುದು ಭಾಲ್ಕಿಯಲ್ಲಿ, ದೊಡ್ಡಪ್ಪನ ಮನೆಯಲ್ಲಿ. ಕೊರಳಲ್ಲಿ ತುಳಸಿಮಣಿ, ಬಾಯಲ್ಲಿ ವಿಠ್ಠಲನಾಮ, ಮಡಿಲಲ್ಲಿ ಯಾವಾಗಲೂ ನಾಲ್ಕು ಕಾಳು ಹುರಿದ ಶೇಂಗಾ. ಬೀದರಿನಲ್ಲಿ ಕಣ್ಣಿನ ಪೊರೆ ತೆಗೆಸಿಕೊಂಡು ನಮ್ಮ ಮನೆಯಲ್ಲಿ ಉಳಿದಳು. ಕಪ್ಪು ಕನ್ನಡಕ ಹಾಕಿಸಿ ಡಾಕ್ಟರು ಎಲ್ಲವನ್ನೂ ಬೇಡ ಅಂದಿದ್ದರು: ಬಗ್ಗಬಾರದು, ಒಲೆಯ ಹೊಗೆಗೆ ಹೋಗಬಾರದು, ಪಾರಾಯಣದ ಪೋಥಿ ಓದಬಾರದು.

ಆಯಿಯ ಮಾತಿನಲ್ಲಿ ಒಂದು ವಿಚಿತ್ರ ಇತ್ತು. ಕನ್ನಡ, ಮರಾಠಿ ಎರಡೂ ಅವಳಿಗೆ ಎರಡು ಕೈ ಇದ್ದ ಹಾಗೆ. ಆದರೆ ಉಣ್ಣಲು ಕರೆಯುವಾಗ ಮಾತ್ರ ಲೆಕ್ಕ ಬೇರೆ. ತನ್ನವರಿಗೆ “ಜೇವ” ಅನ್ನುತ್ತಿದ್ದಳು. ಉಣ್ಣು ಅಂತ ಮರಾಠಿಯಲ್ಲಿ. ನೈವೇದ್ಯ ಇಟ್ಟು ವಿಠೋಬನಿಗೆ ಜೇವ, ಭಾಲ್ಕಿಯ ಆಕಳಿಗೆ ಜೇವ, ಅಪ್ಪನಿಗೆ ಜೇವ, ನನಗೆ ಜೇವ. ಬಂದವರು ಹೋದವರಿಗೆಲ್ಲ “ಊಟ ಮಾಡ್ರಿ”. ಅವ್ವನಿಗೆ “ನೀನೂ ಉಣ್ಣವಾ”. ಅವ್ವ ಈ ಮನೆಗೆ ಬಂದು ನಾನು ಸಾಲಿಗೆ ಹೋಗುವಷ್ಟು ದೊಡ್ಡವಳಾಗಿದ್ದರೂ ಅವಳಿಗೆ ಯಾಕೆ ಜೇವ ಇಲ್ಲ ಎಂಬುದು ನನಗೆ ತಿಳಿದಿರಲಿಲ್ಲ. ಅವ್ವನಿಗೆ ಮರಾಠಿ ಅಷ್ಟು ಬಾರದು, ಅದಕ್ಕಿರಬಹುದು ಎಂದುಕೊಂಡಿದ್ದೆ. ಆದರೆ ಆಕಳಿಗೆ ಎಷ್ಟು ಬರುತ್ತಿತ್ತು?

ಆಸ್ಪತ್ರೆಯಿಂದ ಬಂದ ಹೊಸದರಲ್ಲಿ ಒಂದು ಬೆಳಿಗ್ಗೆ ಆಯಿ ಗೋಡೆ ಹಿಡಿದುಕೊಂಡು ಹಿತ್ತಲಿಗೆ ಹೋದಳು. ಕೈಗೆ ರಾಂಜಣದ ಕಂಠ ಸಿಕ್ಕಿತು. ತಣ್ಣಗಿತ್ತು. ಎಷ್ಟೋ ಬೇಸಗೆ ಅದರ ನೀರು ಕುಡಿದವಳು, ಗೋಣಿತಟ್ಟು ಸರಿಸಿ ಚಂಬು ಅದ್ದಿದಳು.

“ಶಾಂತಾ,” ಎಂದು ಅವ್ವನನ್ನು ಕೂಗಿದಳು, “ಈ ನೀರು ಯಾಕ ಹಿಂಗ ಗಟ್ಟಿ ಆಗ್ಯದ?”

ಅವ್ವ ಒಲೆ ಬಿಟ್ಟು ಓಡುವಷ್ಟರಲ್ಲಿ ಆಯಿ ಬೆರಳಾಡಿಸಿ ಇನ್ನೊಂದು ಪ್ರಶ್ನೆ ಕೇಳಿದ್ದಳು. “ಮತ್ತ ಇದು ಯಾಕ ಅಲಗಾಡ್ಲತ್ತದ?”

ಸಂಗತಿ ತಿಳಿದ ಮೇಲೆ ಕಟ್ಟೆಯ ಮೇಲೆ ಕೂತು ಬಹಳ ಹೊತ್ತು ಕೈ ತೊಳೆದಳು. ನಾನು ನೀರು ಹಾಕುತ್ತಿದ್ದೆ.

“ಭಾಲ್ಕಿ ಮನ್ಯಾಗ ಅಕ್ಕಿಯೊಳಗ ಒಂದು ಹುಳ ಕಂಡ್ರ ಮರ್ಯಾದಿ ಹೋತು ಅಂತೇವಿ. ನೀ ಹುಳಕ್ಕ ಮನಿ ಕಟ್ಟಿಸಿ ಕೂಡಿಸೀದಿ.”

“ಇವು ಬ್ಯಾರೆ ಹುಳ ರೀ ಅತ್ಯಾರ. ಹೊಲಸು ತಿಂದು ಗೊಬ್ಬರ ಮಾಡ್ತಾವ.”

“ಹುಳದಾಗ ಒಳ್ಳೆ ಮನಿತನದವು, ಕೆಟ್ಟ ಮನಿತನದವು ಅಂತ ಇರ್ತಾವೇನು?”

“ನಮ್ಮ ತವರುಮನಿಯವು ರೀ,” ಅಂದಳು ಅವ್ವ, ಸಣ್ಣ ದನಿಯಲ್ಲಿ.

“ಹಂಗಾದ್ರ ಆತು. ಇನ್ನು ನಾ ಏನು ಅನ್ನಲಿ.”

ಅನ್ನುವುದನ್ನೆಲ್ಲ ಅಂದಾಗಿತ್ತು. ಆ ದಿನವೆಲ್ಲ ಪಾತ್ರೆಗಳ ಸದ್ದು ಜೋರಾಗಿತ್ತು.

ಆದರೆ ಕೆಲಸವಿಲ್ಲದೆ ಕೂಡುವುದು ಆಯಿಗೆ ಗೊತ್ತಿರಲಿಲ್ಲ. ಪೋಥಿ ಇಲ್ಲ, ಒಲೆ ಇಲ್ಲ, ಬತ್ತಿ ಹೊಸೆದು ಹೊಸೆದು ಡಬ್ಬಿ ತುಂಬಿತ್ತು. ಒಂದು ಮಧ್ಯಾಹ್ನ ಅವ್ವ ಸಿಪ್ಪೆಯ ಬುಟ್ಟಿಯನ್ನು ಅವಳ ಮುಂದೆ ಇಟ್ಟು, “ಸಣ್ಣ ಸಣ್ಣ ಹರದು ಹಾಕಿದ್ರ ಜಲ್ದಿ ತಿಂತಾವ್ರಿ,” ಅಂದಳು. ಆಯಿಯ ಕೈ ತಾನಾಗಿ ಬುಟ್ಟಿಗೆ ಹೋಯಿತು. ಅಂದಿನಿಂದ ಅದು ಅವಳ ಕೆಲಸವಾಯಿತು. ಸವತೆ ಸಿಪ್ಪೆ, ಕುಂಬಳದ ತಿರುಳು, ಚಹಾದ ಚರಟ ಎಲ್ಲವನ್ನೂ ಮೂಸಿ ನೋಡಿ, ಹರಿದು, ನನ್ನ ಕೈಯಲ್ಲಿ ತಟ್ಟೆ ಕೊಟ್ಟು, ನನ್ನ ಹೆಗಲು ಹಿಡಿದು ಗಿಡದ ತನಕ ಬರುತ್ತಿದ್ದಳು. ತಟ್ಟು ಸರಿಸಿದರೆ ಮಳೆ ಬಿದ್ದ ಹೊಲದ ವಾಸನೆ. ಆಯಿ ಎರಡು ಬೆರಳು ಒಳಗಿಟ್ಟು, “ಊಟ ಮಾಡ್ರಪ್ಪಾ, ಊಟ ಮಾಡ್ರಿ,” ಅನ್ನುತ್ತಿದ್ದಳು, ಬೀಗರಿಗೆ ಹೇಳುವ ದನಿಯಲ್ಲಿ.

ಕೆಲವು ದಿನಗಳಾದ ಮೇಲೆ ಒಂದು ಸಂಜೆ ಅದೇ ಬಾಯಲ್ಲಿ, “ಜೇವಾ ರೇ, ಜೇವಾ,” ಎಂದು ಬಂತು. ನನಗೆ ಕೇಳಿಸಿತು. ಬಾವಿಕಟ್ಟೆಯಲ್ಲಿ ಬಟ್ಟೆ ಹಿಂಡುತ್ತಿದ್ದ ಅವ್ವನಿಗೂ ಕೇಳಿಸಿರಬೇಕು. ಹಿಂಡಿದ್ದನ್ನೇ ಮತ್ತೊಮ್ಮೆ ಹಿಂಡಿದಳು.

ಹುಳ ತಂದದ್ದಕ್ಕೆ ಮುನಿದಿದ್ದವಳು ಹುಳಕ್ಕೇ ಜೇವ ಅಂದಳಲ್ಲ, ಇದು ಅವ್ವನಿಗೆ ಸಂತೋಷವೋ ದುಃಖವೋ? ಅವಳ ಮುಖದಲ್ಲಿ ಏನೂ ಬರೆದಿರಲಿಲ್ಲ. ಒಟ್ಟಿನಲ್ಲಿ ಆ ದಿನಗಳಲ್ಲಿ ದೊಡ್ಡವರ ಮುಖ ನೋಡಿ ಏನನ್ನಾದರೂ ತಿಳಿಯುವುದು ನನ್ನಿಂದ ಆಗುತ್ತಿರಲಿಲ್ಲ. ಹಗಲೆಲ್ಲ ಆಯಿಯ ಮಡಿಯ ಬಗ್ಗೆ ಗೊಣಗುವ ಅವ್ವ, ಸಂಜೆ ನನ್ನ ಜಡೆ ಹೆಣೆಯುತ್ತ ಮೆಲ್ಲಗೆ ಕೇಳುವಳು:

“ಆಯಿ ಏನರ ಅಂದಳೇನು? ಏಕಾದಶಿ ಇಲ್ಲೇ ಹಿಡೀತಾಳಂತ, ಭಾಲ್ಕಿಗೆ ಹೋಗ್ತಾಳಂತ?”

ಪ್ರಶ್ನೆ ಅದೇ. ಆಷಾಢದ ಏಕಾದಶಿಗೆ ಆಯಿ ಚಾತುರ್ಮಾಸದ ಸಂಕಲ್ಪ ಹಿಡಿಯುವಳು. ಯಾವ ಮನೆಯಲ್ಲಿ ಕೈಯಲ್ಲಿ ನೀರು ಹಿಡಿದು ಸಂಕಲ್ಪ ಮಾಡಿದಳೋ, ಕಾರ್ತಿಕದ ತನಕ ಆ ಊರು ದಾಟುವಂತಿಲ್ಲ. ಅದು ಅವಳೇ ಹಾಕಿಕೊಂಡ ಕಟ್ಟಳೆ. ಪ್ರತಿ ವರ್ಷ ಭಾಲ್ಕಿಯಲ್ಲಿ. ಅಲ್ಲಿ ದೊಡ್ಡಪ್ಪನ ಮಕ್ಕಳು ಮನೆ ತುಂಬ. ಇಲ್ಲಿ ನಾನೊಬ್ಬಳೇ. ಆಯಿ ಬಂದಾಗಿನಿಂದ ನನಗೆ ಪಗಡೆಯಾಡಲು ಜೊತೆ ಸಿಕ್ಕಿತ್ತು, ಕಣ್ಣು ಕಾಣದಿದ್ದರೂ ಕವಡೆ ಬಿದ್ದ ಸದ್ದಿನಲ್ಲೇ ಮೋಸ ಹಿಡಿಯುವ ಜೊತೆ. ಅವಳು ಇಲ್ಲೇ ಉಳಿಯಲಿ ಎಂದು ನಾನು ಬಯಸಿದ್ದಷ್ಟು ಇನ್ನೇನನ್ನೂ ಬಯಸಿರಲಿಲ್ಲ. ಕೇಳಿದರೆ, “ವಿಠೋಬಾ ಎಲ್ಲಿ ಕೂಡಿಸ್ತಾನೋ ಅಲ್ಲಿ,” ಅನ್ನುತ್ತಿದ್ದಳು.

ಏಕಾದಶಿಗೆ ಮೊದಲು ಬರುವುದು ಕಾಂದಾ ನವಮಿ. ಕಾಂದಾ ಅಂದರೆ ಮರಾಠಿಯಲ್ಲಿ ಉಳ್ಳಾಗಡ್ಡಿ. ಈ ಹಬ್ಬ ನಿಮ್ಮ ಕಡೆ ಇದೆಯೋ ಇಲ್ಲವೋ. ಚಾತುರ್ಮಾಸದಲ್ಲಿ ಉಳ್ಳಾಗಡ್ಡಿ, ಬಳ್ಳುಳ್ಳಿ, ಬದನೆ ಯಾವುದೂ ಇಲ್ಲ. ಅದಕ್ಕೇ ನವಮಿಯ ದಿನ ನಾಲ್ಕು ತಿಂಗಳ ಆಸೆಯನ್ನೆಲ್ಲ ತೀರಿಸಿಕೊಂಡುಬಿಡುವುದು. ಅಂದು ನಮ್ಮ ಮನೆಯಲ್ಲಿ ಉಳ್ಳಾಗಡ್ಡಿ ಹಾಕದ ಪದಾರ್ಥ ಅಂದರೆ ಚಹಾ ಒಂದೇ. ಉಳ್ಳಾಗಡ್ಡಿ ಭಜಿ, ಉಳ್ಳಾಗಡ್ಡಿ ಝುಣಕ, ಉಳ್ಳಾಗಡ್ಡಿ ಥಾಲಿಪೆಟ್ಟು, ಒಲೆಯ ಕೆಂಡದಲ್ಲಿ ಸುಟ್ಟ ಇಡೀ ಗಡ್ಡೆ. ಹೊರಗೆ ಜಿಟಿಜಿಟಿ ಮಳೆ, ಒಳಗೆ ಕಾದ ಎಣ್ಣೆಯ ವಾಸನೆ. ಕೆಂಪು ಸಿಪ್ಪೆಗಳು ಗಾಳಿಗೆ ಹಾರಿ ದೇವರ ಕೋಣೆಯ ತನಕ ಹೋಗಿದ್ದವು. ಅಪ್ಪ ಕಛೇರಿಗೆ ರಜೆ ಹಾಕಿ ತಿಂದು, ತಿಂದಲ್ಲೇ ಮಲಗಿದ. ಅವ್ವ ಓಣಿಯವರಿಗೆ ಭಜಿಯ ತಟ್ಟೆ ಕೊಡಲು ಹೋದಳು.

ಆಯಿ ಕರೆದಳು. “ಪೋರಿ, ಉಳಿದ ಭಜಿ ತಾ. ಝುಣಕಾನೂ ತಾ. ಸಿಪ್ಪಿ ಬುಟ್ಟಿನೂ ಇರಲಿ.”

“ಯಾರಿಗೆ?”

“ಅವಕ್ಕ. ನಾಳಿಂದ ಈ ಮನ್ಯಾಗ ಕಾಂದಾ ಕಾಣಂಗಿಲ್ಲ. ನಮ್ಮ ಮನಿ ಕೂಳು ತಿನ್ನೂವು, ನಾವು ಬಿಟ್ಟಿದ್ದು ಅವೂ ಬಿಡಬೇಕಲ್ಲ. ಇವತ್ತೊಂದಿನ ಹೊಟ್ಟಿ ತುಂಬ ತಿನ್ನಲಿ.”

“ಅವ್ವ ಉಳ್ಳಾಗಡ್ಡಿ ಹಾಕಬ್ಯಾಡ ಅಂದಾಳ, ಆಯಿ.”

“ದಿನಾ ಹಾಕಬ್ಯಾಡ ಅಂದಿರಬೇಕು. ಇವತ್ತು ನವಮಿ ಅದ.”

“ಬೇಯಿಸಿದ್ದೂ ಬ್ಯಾಡ ಅಂದಾಳ.”

ಆಯಿ ಕಪ್ಪು ಕನ್ನಡಕ ನನ್ನ ಕಡೆ ತಿರುಗಿಸಿದಳು. “ಸಾಕಿದ ಜೀವಕ್ಕ ದಿನಾ ಸಿಪ್ಪಿ ಹಾಕಿ ತಿರುಳು ನಾವು ತಿಂತೇವಿ. ಹಬ್ಬದ ದಿನಾನೂ ಹಂಗೇ ಮಾಡಿದ್ರ ದೇವರು ಏನಂದಾನು?”

ದೇವರು ಏನಂದಾನು ಎಂಬುದಕ್ಕೆ ಅವ್ವನ ಮಗ್ಗಿಯಲ್ಲಿ ಉತ್ತರ ಇರಲಿಲ್ಲ. ನಾನು ಇಬ್ಬರನ್ನೂ ನಂಬಿದ್ದೆ. ಇಬ್ಬರೂ ಹೇಳಿದ್ದು ಸರಿಯಾಗಿಯೇ ಇತ್ತು. ಎರಡು ಸರಿಗಳು ಒಂದೇ ರಾಂಜಣದಲ್ಲಿ ಹೇಗೆ ಹಿಡಿಯಬೇಕು? ಆಯಿ ಭಜಿಯನ್ನು ಪುಡಿ ಮಾಡಿ, ಝುಣಕ ಕಲಸಿ, ಮೇಲೆ ಸಿಪ್ಪೆಯೆಲ್ಲ ಹರಡಿ, ಕೈಮುಗಿದು “ಜೇವಾ ರೇ” ಎಂದು ತಟ್ಟು ಮುಚ್ಚಿಸಿದಳು. ಅವಳ ಮುಖ ಎಲ್ಲರಿಗೂ ಬಡಿಸಿ ಮುಗಿಸಿದವಳ ಮುಖದ ಹಾಗಿತ್ತು.

ದಶಮಿಯ ಬೆಳಿಗ್ಗೆ ಹಿತ್ತಲ ಬಾಗಿಲು ತೆರೆದ ಅವ್ವ ಹೊಸ್ತಿಲಲ್ಲೇ ನಿಂತಳು. ನಾನು ಅವಳ ಸೆರಗಿನ ಸಂದಿಯಿಂದ ನೋಡಿದೆ. ರಾಂಜಣದ ಮೈಮೇಲೆ, ಇಟ್ಟಿಗೆಯ ಮೇಲೆ, ನೆಲದ ಕೆಂಪುಕಲ್ಲಿನ ಮೇಲೆ, ಮೋರಿಯ ಕಡೆಗೆ, ತುಳಸಿಕಟ್ಟೆಯ ಕಡೆಗೆ, ಎಲ್ಲೆಂದರಲ್ಲಿ ಹುಳ. ಕೆಲವು ತೆವಳುತ್ತಿದ್ದವು. ಬಹಳಷ್ಟು ತೆವಳುತ್ತಿರಲಿಲ್ಲ. ಅವ್ವ ತಟ್ಟು ಎತ್ತಿದಳು. ಹುಳಿತ ಎಣ್ಣೆಯ ಬಿಸಿ ವಾಸನೆ ಮುಖಕ್ಕೆ ಬಡಿಯಿತು. ಒಳಗೆ ತಾನು ಮಾಡಿದ್ದ ಭಜಿಯನ್ನು ನೋಡಿದಳು. ನನ್ನನ್ನು ನೋಡಿದಳು. ನಾನು ಕಟ್ಟೆಯ ಮೇಲೆ ಕೂತಿದ್ದ ಆಯಿಯನ್ನು ನೋಡಿದೆ.

ಈಗ ಮನೆ ಹಾರಿಹೋಗುತ್ತದೆ ಎಂದುಕೊಂಡೆ.

“ಏನಾತ, ಶಾಂತಾ?” ಆಯಿ ಕೇಳಿದಳು.

“ಏನಿಲ್ರಿ ಅತ್ಯಾರ. ಮಳಿಗೆ ಜರಾ ಹೊರಗ ಬಂದಾವ.”

ನಾನು ಅವ್ವನ ಬಾಯಿಯನ್ನೇ ನೋಡಿದೆ. ಸುಳ್ಳು ಹೇಳಿದರೆ ನಾಲಿಗೆಗೆ ಹುಳ ಬೀಳುತ್ತದೆ ಎಂದು ನನಗೆ ಹೇಳಿಕೊಟ್ಟವಳು ಅವಳೇ.

ಹಲ್ಲುಪುಡಿ ಹಚ್ಚಿಕೊಳ್ಳುತ್ತ ಬಂದ ಅಪ್ಪ ಒಂದು ಗಳಿಗೆ ನಿಂತು ನೋಡಿ, ತಾಯಿಯನ್ನು ನಗಿಸಲು, “ಆಯಿ, ಇವೂ ಏಕಾದಶಿಗೆ ಪಂಢರಪುರಕ್ಕ ನಡಕೋತ ವಾರಿ ಹೊಂಟಂಗ ಕಾಣ್ತಾವ ನೋಡು,” ಅಂದ.

“ದೇವರ ವಾರಿ ಚ್ಯಾಷ್ಟಿ ಮಾಡಬ್ಯಾಡ, ದತ್ತೂ.” ಆಯಿ ಎದ್ದು ಗೋಡೆ ಹಿಡಿದು ಬಂದಳು. ಬೇಡ ಬೇಡ ಅನ್ನುವಷ್ಟರಲ್ಲಿ ಬಗ್ಗಿ ಕುಕ್ಕರುಗಾಲಲ್ಲಿ ಕೂತು ಕಲ್ಲಿನ ಮೇಲೆ ಬೆರಳಾಡಿಸಿದಳು. ಒಂದನ್ನು ಎತ್ತಿ ಅಂಗೈಯಲ್ಲಿ ಇಟ್ಟುಕೊಂಡು ಕಾದಳು. ಇನ್ನೊಂದನ್ನು ಎತ್ತಿದಳು.

“ಸತ್ತಾವೇನು?”

“ಒಂದೂ ಇಲ್ರಿ.”

“ಮತ್ತ ಇದು?”

“ಅದು… ಮಲಗಿರಬೇಕು ರೀ.”

ಮೂಗು ಇತ್ತಲ್ಲ ಆಯಿಗೆ, ವಾಸನೆ ಎಲ್ಲ ಹೇಳಿತ್ತು. ಹುಳವನ್ನು ಕಲ್ಲಿನ ಮೇಲೆ ಮೆಲ್ಲಗೆ ಇಟ್ಟು ಅಂದಳು: “ದತ್ತೂ, ನಾಳಿಗೆ ನನಗ ಭಾಲ್ಕಿ ಬಸ್ಸಿಗೆ ಕೂಡಿಸು. ಇಷ್ಟು ಜೀವ ತೆಗೆದ ಕೈಲೆ ಈ ಮನ್ಯಾಗ ಸಂಕಲ್ಪದ ನೀರು ಹಿಡಿಯಂಗಿಲ್ಲ ನಾ.”

ನಾನು ಆಯಿಯ ತೋಳು ಹಿಡಿದುಕೊಂಡೆ. ಅವ್ವ ಮಾತ್ರ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, “ಮೊದಲ ಇವನ್ನ ಆರಸ್ರಿ, ಆಮೇಲೆ ಬಸ್ಸು,” ಅಂದಳು.

ಆ ದಶಮಿಯಷ್ಟು ವಿಚಿತ್ರವಾದ ದಿನವನ್ನು ನಾನು ಮತ್ತೆ ಕಂಡಿಲ್ಲ. ಬೈಯುವುದು, ಅಳುವುದು ಯಾವುದೂ ಇಲ್ಲದೆ ನಾವು ಮೂವರು ಹೆಂಗಸರು ಜಿಟಿಜಿಟಿ ಮಳೆಯಲ್ಲಿ ಹುಳ ಆರಿಸುತ್ತ ಕೂತೆವು. ನಾನು ಚಮಚದಲ್ಲಿ ಎತ್ತಿ ಆಯಿಯ ಅಂಗೈಗೆ ಹಾಕುವುದು, ಅವಳು ಮುಟ್ಟಿ ನೋಡಿ “ಜೀವ ಅದ” ಎಂದರೆ ಒದ್ದೆ ಗೋಣಿಗೆ, ಸುಮ್ಮನಾದರೆ ತುಳಸಿಯ ಬುಡಕ್ಕೆ. ಸುಮ್ಮನಾದದ್ದೇ ಹೆಚ್ಚು. ಅಪ್ಪ ಸ್ಕೂಟರ್ ತೆಗೆದುಕೊಂಡು ಅಷ್ಟೂರಿಗೆ ಹೋಗಿ, ಸುಲ್ತಾನರ ಗುಂಬಜಗಳ ಆಚೆಯ ಹೊಲದಿಂದ ಎದುರುಮನೆಯವರ ಆ ಹಳೆಯ ಎಮ್ಮೆಯದೇ ಒಣಸಗಣಿ ಚೀಲದಲ್ಲಿ ತುಂಬಿಕೊಂಡು ಬಂದ. ಅವ್ವ ರಾಂಜಣ ತೊಳೆದು ಹೊಸದಾಗಿ ಹಾಸಿದಳು. ಉಳಿದ ಹುಳಗಳನ್ನು ಬಿಟ್ಟಾಗ ಅವು ಕೆಳಗೆ ಇಳಿಯಲಿಲ್ಲ. ಮೇಲೆಯೇ ಸೊರಗಿ ಬಿದ್ದುಕೊಂಡವು.

“ಆಯಿ, ಅವು ಬದುಕಿದ್ರ ಇಲ್ಲೇ ಇರ್ತೀ?”

ಆಯಿ ನನ್ನ ತಲೆಯ ಮೇಲೆ ಮಣ್ಣಿನ ಕೈಯನ್ನೇ ಇಟ್ಟಳು. “ಮುಂಜಾನಿ ನೋಡಾಮ. ಅವು ಎದ್ದು ಉಂಡ್ರ ನಾ ಇಲ್ಲೇ ಉಪವಾಸ ಹಿಡೀತೇನಿ.”

ಸಂಜೆ ಅವ್ವ ಚೀಲ ಹಿಡಿದು ಹೊರಟಳು. “ಉಪವಾಸಕ್ಕ ಸಾಬೂದಾಣಿ ತರ್ತೇನಿ.” ಸಾಬೂದಾಣಿಯ ಡಬ್ಬಿ ತುಂಬಿ ಇತ್ತು, ನಾನೇ ಮುಚ್ಚಳ ಹಾಕಿದ್ದೆ. ಅಂಗಡಿ ಇದ್ದದ್ದು ಎಡಕ್ಕೆ. ಅವ್ವ ಬಲಕ್ಕೆ ತಿರುಗಿದಳು, ಫೋನಿನ ಬೂತಿನ ಕಡೆಗೆ. ಬರುವಾಗ ಚೀಲ ಖಾಲಿ ಇತ್ತು. ನಾನು ಕೇಳಲಿಲ್ಲ. ಅಂದು ಕೇಳಬೇಕಾದ ಪ್ರಶ್ನೆಗಳು ಆಗಲೇ ಬಹಳ ಆಗಿದ್ದವು.

ಏಕಾದಶಿಯ ಬೆಳಿಗ್ಗೆ ನನಗೆ ಎಚ್ಚರವಾದದ್ದು ಒಂದು ಕೆಮ್ಮಿಗೆ. ಬೀಡಿ ಸೇದುವ ಮಾಮಾನ ಕೆಮ್ಮು. ಆಯಿ ಒಳಗೆ ಸ್ನಾನ ಮಾಡುತ್ತಿದ್ದಳು. ನಾನು ಹಿತ್ತಲಿಗೆ ಹೋದೆ. ಔರಾದಿನ ಮೊದಲ ಬಸ್ಸಿಗೆ ಬಂದ ಮಾಮಾ ಕಂಬಳಿ ಹೊದ್ದು ಗಿಡದ ಕೆಳಗೆ ನಿಂತಿದ್ದ. ಅವನ ಮೈಯಿಂದ ಕುರಿಯ ವಾಸನೆ. ಕೈಯಲ್ಲಿ ಅವ್ವ ಯುಗಾದಿಯ ಮೇಲೆ ತವರಿಗೆ ತಿರುಗಿ ಕಳಿಸಿದ್ದ ಅದೇ ಸ್ಟೀಲಿನ ಡಬ್ಬಿ, ಮುಚ್ಚಳ ಒಂದು ಕಡೆ ತಗ್ಗಾದದ್ದು, ಈಗ ಖಾಲಿ. ಅವ್ವ ರಾಂಜಣಕ್ಕೆ ತಟ್ಟು ಮುಚ್ಚುತ್ತಿದ್ದಳು.

“ಮಾಮಾ, ಯಾಕ ಬಂದಿ?”

“ಏಕಾದಶಿ ಅಲ್ಲೇನವ್ವಾ. ಗುಡಿಗೆ ಬಂದೆ.”

ಮಾಮಾ ಏಕಾದಶಿ ಹಿಡಿದದ್ದನ್ನು ನಮ್ಮ ವಂಶದಲ್ಲಿ ಯಾರೂ ಕಂಡವರಿಲ್ಲ. ಅವ್ವ ನನ್ನ ಕಿವಿಯ ಹತ್ತಿರ ಬಂದು, “ಆಯಿ ಕೇಳಿದ್ರ ಅಷ್ಟೇ ಹೇಳು. ಕೇಳದಿದ್ರ ಅದೂ ಹೇಳಬ್ಯಾಡ,” ಅಂದಳು. ಮಾಮಾ ನಿಂತ ಹೆಜ್ಜೆಯಲ್ಲೇ ಚಹಾ ಕುಡಿದು, ನಿಜವಾಗಿಯೂ ಗುಡಿಗೆ ಹೋಗುವವನ ಹಾಗೆ ತಲೆಯ ಮೇಲೆ ಟೋಪಿ ಸರಿಮಾಡಿಕೊಂಡು ಹಿಂದಿನ ಬಾಗಿಲಿನಿಂದ ಹೋದ.

ಆಯಿ ಬಂದಳು. ಒದ್ದೆ ಕೂದಲು, ಕೈಯಲ್ಲಿ ಪಂಚಪಾತ್ರೆ. ಪಡಸಾಲೆಯಲ್ಲಿ ಅವಳ ಗಂಟು ಕಟ್ಟಿ ಇಟ್ಟಾಗಿತ್ತು. ಅಪ್ಪ ಶರ್ಟು ಹಾಕಿಕೊಂಡು ಬಸ್ಸಿನ ವೇಳೆ ನೋಡುತ್ತಿದ್ದ.

“ಕುರಿ ವಾಸನಿ ಬಂತಲ್ಲ,” ಅಂದಳು.

ನನ್ನನ್ನು ಕೇಳಿದಳೋ, ಸುಮ್ಮನೆ ಅಂದಳೋ ತಿಳಿಯದೆ ನಾನು ಬಾಯಿ ಬಿಗಿಹಿಡಿದೆ.

“ಹೊಸ ಗೊಬ್ಬರದ್ದಿರಬೇಕು ರೀ,” ಅವ್ವ ಅಂದಳು. ಹಿಂದಿನ ದಿನ ಬಂದದ್ದು ಎಮ್ಮೆಯ ಸಗಣಿ. ಭಾಲ್ಕಿಯಲ್ಲಿ ಜೀವಮಾನವೆಲ್ಲ ಕೊಟ್ಟಿಗೆ ಬಳಿದ ಆಯಿಗೆ ಎಮ್ಮೆಯದು ಯಾವುದು, ಕುರಿಯದು ಯಾವುದು ಎಂದು ಹೇಳಿಕೊಡಬೇಕಿತ್ತೇ?

“ತೆಗಿ, ಪೋರಿ.”

ನಾನು ತಟ್ಟು ಎತ್ತಿದೆ. ಬಾಳೆಹಣ್ಣಿನ ತೊಗಟೆಯ ಕೆಳಗೆ ಕೆಂಪಗೆ, ದಪ್ಪಗೆ, ಮಿರಮಿರ ಮಿಂಚುತ್ತ ಗೊಂಚಲು ಗೊಂಚಲು ಹುಳ.

“ಅದಾವ, ಆಯಿ. ಎಲ್ಲಾ ಎದ್ದಾವ.”

ಆಯಿ ಎರಡು ಬೆರಳು ಒಳಗಿಟ್ಟಳು. ಬಹಳ ಹೊತ್ತು ಹಾಗೇ ಇಟ್ಟುಕೊಂಡಿದ್ದಳು. ಅವು ಬೆರಳಿಗೆ ಸುತ್ತಿಕೊಳ್ಳುವುದು ನನಗೆ ಕಾಣುತ್ತಿತ್ತು. ಅವ್ವ ನಿಂತಲ್ಲೇ ಕಾಲ್ಬೆರಳಿನಿಂದ ಕಲ್ಲನ್ನು ಕೆರೆಯುತ್ತಿದ್ದಳು. ಆಮೇಲೆ ಆಯಿ ನಿಧಾನವಾಗಿ, ಬೀಗರಿಗೆ ಹೇಳುವ ಆ ಹಳೆಯ ದನಿಯಲ್ಲಿ ಅಂದಳು:

“ಊಟ ಮಾಡ್ರಪ್ಪಾ. ದೂರದಿಂದ ಬಂದೀರಿ.”

ಅಷ್ಟೇ. ಅಂಗೈಗೆ ನೀರು ಹಾಕಿಸಿಕೊಂಡು, ರಾಂಜಣದ ಪಕ್ಕದಲ್ಲೇ, ಕಣ್ಣು ಮುಚ್ಚಿ ಸಂಕಲ್ಪ ಮಾಡಿ ನೀರು ಬಿಟ್ಟಳು. “ದತ್ತೂ, ಗಂಟು ಬಿಚ್ಚಿಡು,” ಅಂದಳು. ನಾನು ಕುಣಿದೆ. ದೂರದಿಂದ ಬಂದದ್ದು ಯಾರು, ಹುಳಗಳು ನಿನ್ನೆಯೂ ಇಲ್ಲೇ ಇದ್ದವಲ್ಲ ಎಂಬ ಪ್ರಶ್ನೆ ನನಗೆ ಆಗ ಹೊಳೆಯಲೂ ಇಲ್ಲ. ಅವ್ವನ ಮುಖ ನೋಡಿದೆ. ಅವಳು ಆಯಿಯನ್ನೇ ನೋಡುತ್ತಿದ್ದಳು, ತಪ್ಪು ಬಸ್ಸು ಹತ್ತಿ ಸರಿಯಾದ ಊರಿಗೆ ಬಂದಿಳಿದವರ ಹಾಗೆ.

ನಾಲ್ಕು ತಿಂಗಳು ಆಯಿ ನಮ್ಮಲ್ಲೇ ಇದ್ದಳು. ಕನ್ನಡಕ ಹೋಯಿತು, ಪೋಥಿ ಬಂತು. ಹುಳಗಳಿಗೆ ಊಟ ಮಾಡ್ರಿ ಅನ್ನುವುದು ಶ್ರಾವಣದ ಹೊತ್ತಿಗೆ ಮತ್ತೆ ಜೇವ ಆಯಿತು. ಉಳ್ಳಾಗಡ್ಡಿಯ ಮಾತನ್ನು ಅತ್ತೆ ಸೊಸೆ ಇಬ್ಬರೂ ಎತ್ತಲಿಲ್ಲ. ಮಡಿಯ ಬಗ್ಗೆ ಜಗಳ ಎಂದಿನಂತೆ ನಡೆಯಿತು.

ಕಾರ್ತಿಕದಲ್ಲಿ ವ್ರತ ಬಿಡುವ ದಿನ ತುಳಸಿಯ ಬುಡಕ್ಕೆ ರಾಂಜಣದ ಗೊಬ್ಬರ ಹಾಕಿದೆವು, ಚಹಾಪುಡಿಯಂತೆ ಕರ್ರಗೆ ಉದುರುದುರಾಗಿತ್ತು. ಅವ್ವ ಬದನೆಕಾಯಿ ಸುಟ್ಟು ಉಳ್ಳಾಗಡ್ಡಿ ತಪ್ಪಲು ಹಾಕಿ ಭರ್ತ ಮಾಡಿದ್ದಳು. ಅಪ್ಪ ಉಂಡ, ನಾನು ಉಂಡೆ. ಅವ್ವ ಎಂದಿನಂತೆ ಕೊನೆಗೆ ಒಲೆಯ ಪಕ್ಕ ತಟ್ಟೆ ಹಾಕಿಕೊಂಡಳು. ಆಯಿ ತಾನೇ ಎದ್ದು ಅವಳ ತಟ್ಟೆಗೆ ರೊಟ್ಟಿ ಹಾಕಿ, ಭರ್ತ ಹಾಕಿ, ಮೇಲೆ ಬೆಣ್ಣೆಯ ಮುದ್ದೆ ಇಟ್ಟು ಅಂದಳು:

“ಜೇವ ಗ, ಶಾಂತಾ.”

ಅವ್ವ ತುತ್ತು ಮುರಿದವಳು ಹಾಗೇ ಇಟ್ಟು, ಉಪ್ಪು ತರುತ್ತೇನೆ ಎಂದು ಒಳಗೆ ಹೋದಳು. ಉಪ್ಪಿನ ಡಬ್ಬಿ ಅವಳ ಮುಂದೆಯೇ ಇತ್ತು. ಬರಲು ಬಹಳ ಹೊತ್ತು ಹಿಡಿಯಿತು.

ಈಗ ಆಯಿ ಇಲ್ಲ, ಅಪ್ಪನೂ ಇಲ್ಲ. ಓಣಿಗೆ ಒಳಚರಂಡಿ ತೋಡಿದಾಗ ರಾಂಜಣ ಒಡೆಯಿತು. ಹಾಡು ಹಚ್ಚಿಕೊಂಡು ಗಾಡಿ ಬರುತ್ತದೆ. ಹಸಿ ಕಸ ಒಂದು ಬಕೆಟ್ಟಿಗೆ, ಒಣ ಕಸ ಒಂದು ಬಕೆಟ್ಟಿಗೆ, ಎರಡೇ ಜಾತಿ. ನಾವು ಕೊಡುವ ಸಿಪ್ಪೆಯನ್ನು ಯಾರು ತಿನ್ನುತ್ತಾರೆ, ಅವರ ಹೊಟ್ಟೆ ತುಂಬಿತೇ ಎಂದು ಕೇಳುವವರು ಓಣಿಯಲ್ಲಿ ಯಾರೂ ಉಳಿದಿಲ್ಲ. ನಾನು ಹಟ ಹಿಡಿದು ಮಾಳಿಗೆಯ ಮೇಲೆ ಒಂದು ಪ್ಲಾಸ್ಟಿಕ್ ಪೆಟ್ಟಿಗೆ ಇಟ್ಟಿದ್ದೇನೆ. ಅದರ ಹುಳಗಳು ಅಂಚೆಯ ಪೊಟ್ಟಣದಲ್ಲಿ ಬಂದವು, ಯಾರ ತವರಿನವೋ ಗೊತ್ತಿಲ್ಲ.

ಈ ಸಲ ನವಮಿಯ ದಿನ ಅವ್ವ ಉಳ್ಳಾಗಡ್ಡಿ ಹೆಚ್ಚುತ್ತ ಕೂತಿದ್ದಾಗ ಕೇಳಿದೆ. “ಅವ್ವಾ, ಆಯಿಗೆ ಗೊತ್ತಿತ್ತಲ್ಲ?”

“ಏನು?”

“ಮಾಮಾ ತಂದಿದ್ದು.”

“ಗೊತ್ತಿದ್ರ ಭಾಲ್ಕಿಗೆ ಹೋಗ್ತಿದ್ದಿಲ್ಲೇನು? ಆಕಿ ನೇಮ ಅಂದ್ರ ನೇಮ,” ಅಂದಳು. ಇನ್ನೊಂದು ಗಡ್ಡೆ ಹೆಚ್ಚಿದ ಮೇಲೆ, “ಗೊತ್ತಿಲ್ಲದಿದ್ರ ದೂರದಿಂದ ಬಂದೀರಿ ಅಂತ ಯಾಕ ಅಂತಿದ್ದಳು?” ಅಂದಳು. ಅಂದರೆ ಇಷ್ಟು ವರ್ಷ ಅವಳಿಗೂ ತಿಳಿದಿಲ್ಲ.

ಸಿಪ್ಪೆಗಳನ್ನು ಬೇರೆ ತೆಗೆದಿಟ್ಟು, ಸವತೆಯ ತಿರುಳಿನ ತಟ್ಟೆ ಹಿಡಿದು ಮಾಳಿಗೆ ಹತ್ತಿದೆ. ಮುಚ್ಚಳ ತೆಗೆದು ಎರಡು ಬೆರಳು ಒಳಗಿಟ್ಟು ಜೇವ ಅಂದು ನೋಡಿದೆ. ಸಾಲಿಯಲ್ಲಿ ಪಾಠ ಓದಿದ ಹಾಗೆ ಬಂತು. ನಮ್ಮ ಮನೆಯಲ್ಲಿ ಆ ಮಾತನ್ನು ಹೇಳಬಲ್ಲವರು ಈಗ ಯಾರೂ ಇಲ್ಲ. ಹೇಳಿಸಿಕೊಂಡವರು ಇಬ್ಬರಿದ್ದೇವೆ.